ಐದನೇ ದಿನದ ಒಗೆತ

ಸೆನೋಬಿಯಾಳ ಬಾಗಿಲಿಗೆ ಊರವರು ಬರುವುದು ಯಾರಾದರೂ ಸತ್ತಾಗ ಮಾತ್ರ. ಮದುವೆಗೆ ಕರೆಯಲು ಬರುವುದಿಲ್ಲ. ಹಸು ಈದರೆ ಗಿಣ್ಣು ಕೊಡಲು ಬರುವುದಿಲ್ಲ. ಹೆಣ ಮಣ್ಣಿಗೆ ಹೋದ ಮೇಲೆ ಬರುತ್ತಾರೆ. ಒಂದು ಬಾಟಲಿ ಕಬ್ಬಿನ ಸಾರಾಯಿ, ಅಗಿಯಲು ಒಂದು ಹಿಡಿ ಕೋಕಾ ಎಲೆ ಹೊಸ್ತಿಲ ಮೇಲಿಟ್ಟು, ಒಳಗೆ ಕಾಲಿಡದೆ ವಿಷಯ ಹೇಳಿ ಹೋಗುತ್ತಾರೆ. ಅವಳ ಮನೆಯ ಲೋಟದಲ್ಲಿ ನೀರು ಕುಡಿದವರು ಊರಲ್ಲಿ ಯಾರೂ ಇಲ್ಲ.

ಆ ಬೆಳಿಗ್ಗೆ ಬಂದವನು ವಿಲ್ಬೆರ್. ಪುಕಾವಾಸಿ ಊರಿನ ಸಭೆಗೆ ಈಗ ಅವನೇ ಅಧ್ಯಕ್ಷ. ಅವನಿಗಿಂತ ಮುಂಚೆ ಅವನ ಅಪ್ಪ ನೆಮೇಸಿಯೊ ಅಧ್ಯಕ್ಷನಾಗಿದ್ದ. ನೆಮೇಸಿಯೊ ಸತ್ತು ಎರಡು ದಿನವಾಗಿತ್ತು.

ಸೆನೋಬಿಯಾ ಅಂಗಳದಲ್ಲಿ ಆಲೂಗಡ್ಡೆ ತುಳಿಯುತ್ತಿದ್ದಳು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಗಡ್ಡೆಯನ್ನು ಬಿಸಿಲೇರುವ ಮುಂಚೆ ಬರಿಗಾಲಲ್ಲಿ ತುಳಿದು ನೀರು ಹಿಂಡಬೇಕು. ಆಮೇಲೆ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅರವತ್ತು ದಾಟಿದ ಕಾಲುಗಳು. ಹಿಮ್ಮಡಿ ಒಡೆದು ರಕ್ತ ಬಂದರೂ ಗೊತ್ತಾಗದಷ್ಟು ಮರಗಟ್ಟಿದ್ದವು.

"ಚಿಕ್ಕವ್ವ," ಅಂದ ವಿಲ್ಬೆರ್.

ಇಷ್ಟು ವರ್ಷದಲ್ಲಿ ಅವನು ಅವಳನ್ನು ಏನೂ ಕರೆದದ್ದಿಲ್ಲ. ಬೇಕಾದರೆ ಗಂಟಲು ಕೆರೆದು ಕೆಮ್ಮುತ್ತಿದ್ದ, ಅಷ್ಟೆ. ಇವತ್ತು ಚಿಕ್ಕವ್ವ ಆಗಿಬಿಟ್ಟಳು.

"ಅಪ್ಪ ತೀರ್ಕೊಂಡ್ರು."

"ಗೊತ್ತು. ಇಗರ್ಜಿ ಗಂಟೆ ಕೇಳುಸ್ತು."

"ಶುಕ್ರವಾರ ಐದನೇ ದಿನ. ಬಟ್ಟೆ ಒಗೀಬೇಕು."

ಸೆನೋಬಿಯಾ ತುಳಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾರೆ ಯಾರ್ನಾರ ನೋಡ್ಕೊ."

"ಬ್ಯಾರೆ ಯಾರವ್ರೆ? ರಕ್ತದೋರು ಮುಟ್ಟಂಗಿಲ್ಲ. ಅಳಿಯಂದ್ರು ಒಗೀಬೇಕಿತ್ತು, ಅವ್ರು ಲಿಮಾ ಪಟ್ಟಣದಲ್ಲೇ ಕೂತವ್ರೆ. ರಜಾ ಸಿಗಲಿಲ್ವಂತೆ. ಸತ್ತೋರ ಬಟ್ಟೆ ಎಲ್ಲಾರ್ದೂ ಒಗ್ದಿದೀಯ. ನಮ್ಮಪ್ಪಂದು ಮಾತ್ರ ಒಗ್ಯಲ್ಲ ಅಂದ್ರೆ ಊರು ಏನಂದ್ಕೊಂಡಾತು?"

"ಏನಾರ ಅಂದ್ಕೊಳ್ಳಿ. ಇಷ್ಟು ದಿನ ಅಂದ್ಕೊಂಡಿದ್ದೇನು ಕಮ್ಮಿನಾ?"

ವಿಲ್ಬೆರ್ ಬಾಟಲಿಯನ್ನು ಹೊಸ್ತಿಲ ಮೇಲಿಟ್ಟ. ಇಟ್ಟು ಹೋಗುವವನು ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ, ಬಹಳ ಮೆತ್ತಗೆ ಹೇಳಿದ.

"ರಸ್ತೆ ಪಕ್ಕದ ಜಾಗ ಎರ್ಮೆಲಿಂದಾಗೆ ಬೇಕು ಅಂತಿದ್ಯಲ್ಲ, ಮುಂದಿನ ಸಭೇಲಿ ಅದು ತೀರ್ಮಾನ ಆಯ್ತದೆ. ನನ್ ಮಾತು ನಡೀತದೆ ಚಿಕ್ಕವ್ವ. ನಿನ್ ಮಗಳು ಎಷ್ಟು ದಿನ ಅಂತ ಈ ಸೋರೋ ಗುಡಿಸ್ಲಲ್ಲಿ ಇದ್ದಾಳು? ಯೋಚ್ನೆ ಮಾಡು."

ಹೋದ. ಬಾಟಲಿ ಹೊಸ್ತಿಲ ಮೇಲೆ ಉಳಿಯಿತು.

ಸತ್ತವರ ಬಟ್ಟೆಯನ್ನು ಐದನೇ ದಿನ ಹೊಳೆಯಲ್ಲಿ ಒಗೆಯಬೇಕು. ಒಂದು ಚಿಂದಿಯೂ ಬಿಡುವಂತಿಲ್ಲ. ಅಲ್ಲಿಯವರೆಗೆ ಸತ್ತವರು ಎಲ್ಲೂ ಹೋಗುವುದಿಲ್ಲ. ಮನೆಯೊಳಗೇ ಸುಳಿಯುತ್ತಾರೆ, ಹೊಸ್ತಿಲ ಬಳಿ ಹರಡಿದ ಬೂದಿಯ ಮೇಲೆ ಅವರ ಹೆಜ್ಜೆ ಮೂಡುತ್ತದೆ. ಒಗೆಯುವವಳು ಒಂದೊಂದು ಬಟ್ಟೆಯನ್ನೂ ನೀರಿಗೆ ಅದ್ದುವ ಮುಂಚೆ ಎತ್ತಿ ತೋರಿಸಿ, ಇದನ್ನು ಹಾಕಿಕೊಂಡು ಇವನು ಏನು ಮಾಡಿದ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಳ್ಳೆಯದೂ ಹೇಳಬೇಕು, ತಪ್ಪೂ ಹೇಳಬೇಕು. ಹೇಳಿದ್ದು ನೀರಿನಲ್ಲಿ ಹೋಗುತ್ತದೆ. ಕೊನೆಗೆ, "ಇಲ್ಲಿ ನಿನ್ನ ಕೊಳೆ ಏನೂ ಉಳಿದಿಲ್ಲ, ಹೋಗು" ಎನ್ನಬೇಕು. ಆಗ ಸತ್ತವರು ಹೊರಡುತ್ತಾರೆ.

ಬೇರೆ ಊರುಗಳಲ್ಲಿ ಈ ಕೆಲಸವನ್ನು ಅಳಿಯಂದಿರು ಮಾಡುತ್ತಾರೆ. ಪುಕಾವಾಸಿಯಲ್ಲಿ ಅದು ಸೆನೋಬಿಯಾಳ ತಲೆಗೆ ಬಂದು ಕೂತಿದೆ. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಗೂ ಕೊಳೆಯಾದ ಕೈ, ಇನ್ನಷ್ಟು ಕೊಳೆಯಾದರೆ ಏನು ಎಂಬುದು ಊರಿನ ಲೆಕ್ಕ.

ಆ ಕೈ ಕೊಳೆಯಾದದ್ದು ಹೇಗೆ ಎಂದು ಊರಿಗೆ ಚೆನ್ನಾಗಿ ಗೊತ್ತು.

ಮೂವತ್ತು ವರ್ಷದ ಹಿಂದೆ ಗುಡ್ಡದ ಮೇಲೆ ಸೈನ್ಯದ ಬಿಡಾರ ಬಂತು. ಅದಕ್ಕೂ ಮುಂಚೆ ಬೆಟ್ಟದಲ್ಲಿ ಬಂಡುಕೋರರಿದ್ದರು. ಊರವರು ಅವರನ್ನು ರಾತ್ರಿ ತಿರುಗುವವರು ಎನ್ನುತ್ತಿದ್ದರು. ಅವರು ಬಂದು ಕುರಿ ಒಯ್ದರು. ಸಿಪಾಯಿಗಳು ಬಂದು, ಅವರಿಗೆ ಕುರಿ ಕೊಟ್ಟಿರಿ ಎಂದು ಗಂಡಸರನ್ನು ಒಯ್ದರು. ಪಕ್ಕದ ಊರಿನಲ್ಲಿ ಒಂದು ಮನೆಯೂ ಉಳಿಯಲಿಲ್ಲ, ಎಲ್ಲ ಸುಟ್ಟರು. ಆ ಹೊಗೆ ಕಂಡ ದಿನ ನೆಮೇಸಿಯೊ ಒಂದು ಕುರಿ ಹೊತ್ತುಕೊಂಡು ಗುಡ್ಡ ಹತ್ತಿದ. ಕ್ಯಾಪ್ಟನ್ ಜೊತೆ ಮಾತಾಡಿ ಇಳಿದು ಬಂದ. ಪುಕಾವಾಸಿಯನ್ನು ಸುಡುವುದಿಲ್ಲವಂತೆ. ಬದಲಿಗೆ ಊರವರು ಬಿಡಾರಕ್ಕೆ ಸೌದೆ, ನೀರು ಹೊರಬೇಕು, ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು. ಗಂಡಸರು ಗುಡ್ಡ ಹತ್ತಿದರೆ ಗುಂಡು. ಹೆಂಗಸರು ಬರಬೇಕು.

ಊರ ಕೆಲಸಕ್ಕೆ ಸರದಿ ಹೊಸದಲ್ಲ. ಕಾಲುವೆಯ ಹೂಳು ತೆಗೆಯಲು, ದಾರಿ ಸರಿಮಾಡಲು, ಇಗರ್ಜಿಗೆ ಹುಲ್ಲು ಹೊದಿಸಲು ಅಜ್ಜ ಮುತ್ತಜ್ಜರ ಕಾಲದಿಂದಲೂ ಮನೆಗೊಬ್ಬರು ಬರುತ್ತಿದ್ದರು. ಅಧ್ಯಕ್ಷ ಎತ್ತಿನ ಕೊಂಬು ಊದುತ್ತಾನೆ, ಯಾರ ಸರದಿ ಎಂದು ಕೂಗುತ್ತಾನೆ, ಆ ಮನೆಯವರು ಗುದ್ದಲಿ ಹಿಡಿದು ಹೊರಡುತ್ತಾರೆ. ತಪ್ಪಿಸಿದವರಿಗೆ ಕಾಲುವೆಯ ನೀರು ಬಂದ್. ಎಲ್ಲರೂ ಸೇರಿ ಬದುಕಲು ಊರು ಮಾಡಿಕೊಂಡ ಕಟ್ಟಳೆ ಅದು. ನೆಮೇಸಿಯೊ ಅದೇ ಕೊಂಬು ಊದಿದ. ಅದೇ ಸರದಿ ಕೂಗಿದ. ಊರಿನ ಹೆಣ್ಣುಗಳನ್ನು ಕಾಲುವೆಯ ಹೂಳು ತೆಗೆಯುವ ಕಟ್ಟಳೆಯಲ್ಲೇ ಗುಡ್ಡಕ್ಕೆ ಕಳಿಸಿದ.

ಅವನ ಹೆಂಡತಿಯ ಸರದಿ ಬರಲಿಲ್ಲ. ಅವನ ಹೆಣ್ಣುಮಕ್ಕಳ ಸರದಿ ಬರಲಿಲ್ಲ. ಹೊಲ ಹೆಚ್ಚಿದ್ದವರ ಮನೆಗೆ ಅಪರೂಪಕ್ಕೆ ಬಂತು, ಅದೂ ಸೌದೆ ಹಾಕಿ ಹಗಲಲ್ಲೇ ಇಳಿದುಬಿಡುವ ಸರದಿ. ಒಗೆಯುವ ಸರದಿ, ಅಡುಗೆಯ ಸರದಿ, ಕತ್ತಲಾದ ಮೇಲೂ ಇಳಿಯಲಾಗದ ಸರದಿ ಬಂದದ್ದು ವಿಧವೆಯರಿಗೆ, ಕೇಳುವವರಿಲ್ಲದವರಿಗೆ. ಸೆನೋಬಿಯಾಳ ಗಂಡನನ್ನು ಸಿಪಾಯಿಗಳು ಆಗತಾನೆ ಎಳೆದೊಯ್ದಿದ್ದರು. ಅವಳು ಅವನ ಸುದ್ದಿ ಕೇಳಲು ಹೋದಳು. "ಚೆನ್ನಾಗಿ ಅಡುಗೆ ಮಾಡು, ಹೇಳ್ತೀವಿ" ಅಂದರು. ಅವಳು ಅಡುಗೆ ಮಾಡಿದಳು. ಅವರು ಇಂದಿಗೂ ಹೇಳಿಲ್ಲ.

ಮೊದಲ ಸಲ ಇಳಿದು ಬಂದವಳು ನೇರ ನೆಮೇಸಿಯೊನ ಮನೆಗೆ ಹೋದಳು. ಅವನ ಕಾಲು ಹಿಡಿದಳು. ಗುಡ್ಡದ ಮೇಲೆ ಏನಾಯಿತು ಎಂದು ಹೇಳಿದಳು. ಅವನು ಒಲೆಯ ಬೆಂಕಿ ನೋಡುತ್ತ ಕೇಳಿಸಿಕೊಂಡ. "ಊರು ಉಳೀಬೇಕಲ್ಲಮ್ಮ" ಅಂದ. ಮುಂದಿನ ವಾರ ಮತ್ತೆ ಕೊಂಬು ಊದಿದ, ಅವಳ ಹೆಸರನ್ನೇ ಕೂಗಿದ.

ಎರ್ಮೆಲಿಂದಾ ಹುಟ್ಟಿದ್ದು ಆ ಬಿಡಾರದಿಂದ. ಯಾರ ಮಗು ಎಂದು ಸೆನೋಬಿಯಾಳಿಗೆ ಗೊತ್ತಿಲ್ಲ. ಒಬ್ಬನೇ ಆಗಿದ್ದರೆ ಗೊತ್ತಾಗುತ್ತಿತ್ತು.

ಬಿಡಾರ ಹೋಯಿತು, ಯುದ್ಧ ಮುಗಿಯಿತು. ಪುಕಾವಾಸಿ ಸುಟ್ಟುಹೋಗಲಿಲ್ಲ ಎಂದು ಊರು ನೆಮೇಸಿಯೊನನ್ನು ತಲೆಯ ಮೇಲೆ ಹೊತ್ತಿತು, ಹೆಸರಿನ ಮುಂದೆ ದೋನ್ ಎಂಬ ಮರ್ಯಾದೆ ಸೇರಿಸಿತು. ದೋನ್ ನೆಮೇಸಿಯೊ ಊರು ಉಳಿಸಿದ. ದೋನ್ ನೆಮೇಸಿಯೊ ಕ್ಯಾಪ್ಟನ್ ಎದುರು ನಿಂತ. ಈಗ ಕಟ್ಟುತ್ತಿರುವ ಸಭಾಮನೆಗೂ ಅವನದೇ ಹೆಸರಂತೆ. ಗುಡ್ಡ ಹತ್ತಿ ಇಳಿದ ಹೆಂಗಸರ ಹೆಸರು ಯಾವುದಕ್ಕೂ ಇಲ್ಲ. ಅವರಿಗೆ ಒಂದೇ ಹೆಸರು, ಅದನ್ನು ಮಕ್ಕಳು ಸಹ ಕಲಿತಿದ್ದವು: ಸಿಪಾಯಿಗಳ ಎಂಜಲು.

ಎರ್ಮೆಲಿಂದಾ ಮೇಕೆ ಮೇಯಿಸಿ ಬಂದಾಗ ಬಾಟಲಿ ಇನ್ನೂ ಹೊಸ್ತಿಲ ಮೇಲೇ ಇತ್ತು. ಯಾರು, ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಬಾಟಲಿ ಎತ್ತಿ ಒಳಗೆ ತಂದಳು.

"ಹೊರಗಿಡು ಅದ್ನ," ಅಂದಳು ಸೆನೋಬಿಯಾ.

"ಅವ್ವ."

"ಹೊರಗಿಡು ಅಂದೆ."

ಮಗಳು ಇಡಲಿಲ್ಲ. ಒಲೆಯ ಪಕ್ಕ ಕೂತು ಬೇಯಿಸಿದ ಜೋಳ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ರಸ್ತೆ ಪಕ್ಕದ ಜಾಗ ಕೊಡ್ತಾರಂತಾ?"

"ಕೊಡಬೌದು ಅಂದ. ಅವ್ನ ಮಾತು."

"ಅವ್ವ, ನಾನು ಹುಟ್ಟಿದಾಗಿಂದ ಈ ಊರಿನ ತುದೀಲವ್ನಿ. ಸ್ಕೂಲ್ನಲ್ಲಿ ಕೊನೇ ಬೆಂಚು. ಇಗರ್ಜೀಲಿ ಬಾಗ್ಲ ಪಕ್ಕ. ಮದ್ವೆ ಆಗಾಕೆ ಬಂದೋನು ನಾನು ಯಾರಿಗೆ ಹುಟ್ಟಿದೋಳು ಅಂತ ಕೇಳ್ಕೊಂಡು ವಾಪಸ್ ಹೋದ. ಒಂದು ಅಂಗಡಿ ಇಟ್ಕೊಂಡು, ರಸ್ತೇಲಿ ಹೋಗೋ ಲಾರಿಯೋರಿಗೆ ಸೂಪು ಮಾರ್ಕೊಂಡು ಬದುಕ್ತೀನಿ. ಲಾರಿಯೋರು ನಾನ್ಯಾರು ಅಂತ ಕೇಳಲ್ಲ. ಇನ್ನೇನೂ ಬ್ಯಾಡ ನಂಗೆ."

"ಅವ್ನ ಕೊಳೆ ನಾನು ತೊಳೀಬೇಕಾ?"

"ಅವ್ನು ಸತ್ತೋದ್ನಲ್ಲವ್ವ. ಇನ್ನೇನು? ಕೋರ್ಟಲ್ಲಿ ಹೇಳ್ತೀನಿ ಅಂದಿದ್ದೋನು ಹೇಳ್ದೇನೇ ಸತ್ತ. ನೀನು ಒಗುದ್ರೂ ಸತ್ತೋನೇ, ಬುಟ್ರೂ ಸತ್ತೋನೇ. ನಾನು ಇನ್ನೂ ಬದುಕಿವ್ನಿ."

ಮಗಳು ಹೇಳಿದ್ದು ನಿಜವೇ. ಕ್ಯಾಪ್ಟನ್ ಮತ್ತು ಬಿಡಾರದ ಇಬ್ಬರು ಸಿಪಾಯಿಗಳ ಮೇಲಿನ ದೂರಿಗಾಗಿ ಸೆನೋಬಿಯಾ ಹತ್ತು ವರ್ಷದಿಂದ ಕೋರ್ಟಿಗೆ ಅಲೆದಿದ್ದಳು. ದೂರು ಕೊಟ್ಟ ಹೆಂಗಸರಲ್ಲಿ ಕೆಲವರು ಸತ್ತರು, ಕೆಲವರನ್ನು ಮಕ್ಕಳು ಬೈದು ಬಾಯಿ ಮುಚ್ಚಿಸಿದರು. ಉಳಿದವಳು ಇವಳೊಬ್ಬಳೇ. ನೋಡಿದವರು ಯಾರಿದ್ದಾರೆ ಎಂದು ಜಡ್ಜು ಪ್ರತಿ ಸಲವೂ ಕೇಳುತ್ತಿದ್ದ. ಅವರು ಹತ್ತಿದ್ದನ್ನೂ ಇಳಿದದ್ದನ್ನೂ ನೋಡಿದವನು ನೆಮೇಸಿಯೊ. ಅವಳು ಅವನ ಬಾಗಿಲಿಗೂ ಹೋಗಿದ್ದಳು. "ಹೇಳ್ತೀನಮ್ಮ, ಬಿತ್ತನೆ ಮುಗೀಲಿ" ಅಂದಿದ್ದ. ಬಿತ್ತನೆ ಮುಗಿದ ಮೇಲೆ ಹಬ್ಬ ಕಳೀಲಿ ಅಂದ. ಹಬ್ಬ ಕಳೆದ ಮೇಲೆ ಗಡ್ಡೆ ಅಗೆದು ಆಗಲಿ ಅಂದ. ಕೊನೆಗೆ ಕೆಮ್ಮು ಹಿಡಿದು ಮಲಗಿದ.

"ಸಾರಾಯಿ ಮೂಲೇಲಿಡು," ಅಂದಳು ಕೊನೆಗೆ. "ಶುಕ್ರವಾರ ಬೇಕಾಯ್ತದೆ."

ಮಗಳು ತಾಯಿಯ ಮುಖ ನೋಡಲಿಲ್ಲ. ಮುಖ ತಿರುಗಿಸಿ ಒಲೆ ಊದಿದಳು.

ಶುಕ್ರವಾರ ಇಡೀ ಊರು ಹೊಳೆಯ ದಡದಲ್ಲಿತ್ತು. ಹೆಂಗಸರು ಸೂಪಿನ ಪಾತ್ರೆ ಇಳಿಸಿದರು. ಗಂಡಸರು ಕೋಕಾ ಎಲೆ ಬಾಯಿಗೆ ಹಾಕಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ನೆಮೇಸಿಯೊನ ಹೆಂಡತಿ ಮುದುಕಿ ಮೂಟೆ ಬಿಚ್ಚಿ ಬಟ್ಟೆ ಸುರಿದಳು. ವಿಲ್ಬೆರ್ ಅಪ್ಪನ ಕೊಂಬನ್ನು ಹೆಗಲಿಗೆ ನೇತುಹಾಕಿಕೊಂಡಿದ್ದ. ಅಧ್ಯಕ್ಷಗಿರಿಯ ಗುರುತು ಅದು, ಅಪ್ಪನಿಂದ ಮಗನಿಗೆ ಬಂದದ್ದು.

ಸೆನೋಬಿಯಾ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಹಿಮ ಕರಗಿ ಬಂದ ನೀರು. ಮೊಣಕಾಲು ಮುಟ್ಟುತ್ತಲೇ ಮೂಳೆಯವರೆಗೂ ಕೊರೆಯಿತು.

ಮೊದಲು ಕಂಬಳಿ. "ಇದನ್ನ ಹೊದ್ಕೊಂಡು ನೆಮೇಸಿಯೊ ಬೆಟ್ಟದಾಗೆ ದನ ಕಾದ. ಕಳ್ಳರು ಬಂದ್ರೆ ಓಡೋದ, ದನ ಬುಟ್ಟು ಓಡೋದ." ದಡದಲ್ಲಿ ನಗು. ಅದ್ದಿದಳು, ಕಲ್ಲಿಗೆ ಕುಕ್ಕಿದಳು, ಕಾಲಲ್ಲಿ ತುಳಿದಳು, ಹಿಂಡಿದಳು.

ಆಮೇಲೆ ಟೋಪಿ. "ಇದನ್ನ ಹಾಕ್ಕೊಂಡು ಹಬ್ಬದಲ್ಲಿ ಕುಣ್ದ. ಕುಡ್ದು ಬಿದ್ದ. ಟೋಪಿ ಒಂದ್ಕಡೆ, ತಾನೊಂದ್ಕಡೆ."

ಆಮೇಲೆ ಒಂದು ಹಳೆಯ ಚಡ್ಡಿ ಮೇಲೆ ಬಂತು. ದಡದಲ್ಲಿದ್ದ ಹಲ್ಲಿಲ್ಲದ ಮುದುಕ ಸಿಸಾರಿಯೊ ಎದ್ದು ನಿಂತು ಕೂಗಿದ. "ತೂತು ಎಷ್ಟವೆ ನೋಡ್ರಪ್ಪೊ! ಊರ ಖಜಾನೆ ಸೋರಿದ್ದು ಇಲ್ಲೇ ಅಂತ ಕಾಣ್ತದೆ!"

ನೆಮೇಸಿಯೊನ ಹೆಂಡತಿಯೂ ಬಾಯಿಗೆ ಶಾಲು ಮುಚ್ಚಿ ನಕ್ಕಳು. ಐದನೇ ದಿನ ನಗಬೇಕು, ಅದೇ ಪದ್ಧತಿ. ಸೆನೋಬಿಯಾ ನಗಲಿಲ್ಲ. ಅವಳ ಬೆರಳುಗಳು ಊದಿಕೊಂಡು ಕೆಂಪಾಗಿದ್ದವು. ಮಗಳು ದಡದ ತುದಿಯಲ್ಲಿ, ಒಗೆದ ಬಟ್ಟೆಯನ್ನು ಪೊದೆಗಳ ಮೇಲೆ ಹರವುತ್ತಿದ್ದಳು. ಮುಗಿದುಹೋಗಲಿ ಎಂದುಕೊಂಡಳು ಸೆನೋಬಿಯಾ. ಬಟ್ಟೆ ತಾನೆ. ಬಟ್ಟೆಗೇನು ಗೊತ್ತು.

ಮೂಟೆಯ ತಳದಲ್ಲಿ ಒಂದು ದಪ್ಪ ಕೋಟು ಉಳಿದಿತ್ತು. ಹಸಿರು ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಳೆದುಕೊಂಡಳು. ಮೊಣಕೈಯ ಹತ್ತಿರ ಬೆರಳಿಗೆ ಏನೋ ಗಂಟುಗಂಟಾಗಿ ತಗುಲಿತು.

ಕೆಂಪು ಉಣ್ಣೆಯ ಹೊಲಿಗೆ.

ಅವಳದೇ ಹೊಲಿಗೆ. ಗುಡ್ಡದ ಮೇಲೆ ಕ್ಯಾಪ್ಟನ್ ಈ ಕೋಟನ್ನು ಮುಖದ ಮೇಲೆ ಎಸೆದು ಒಗೆ, ಹೊಲಿ ಎಂದಿದ್ದ. ಹಸಿರು ದಾರ ಇರಲಿಲ್ಲ. ತನ್ನ ಲಂಗದ ಅಂಚಿನ ಕೆಂಪು ಉಣ್ಣೆ ಕಿತ್ತು ತೇಪೆ ಹೊಲಿದಿದ್ದಳು. ಸೈನ್ಯದ ಕೋಟಿಗೆ ಬಂಡುಕೋರರ ಕೆಂಪು ಹಾಕ್ತೀಯಾ ಎಂದು ಕೆನ್ನೆಗೆ ಹೊಡೆದಿದ್ದ, ಇನ್ನೂ ಏನೇನೋ ಮಾಡಿದ್ದ. ಬೇಡವಾದ ಆ ಕೋಟನ್ನು ಆಮೇಲೆ ನೆಮೇಸಿಯೊನಿಗೆ ದಾನ ಕೊಟ್ಟಿದ್ದ. ಆ ಚಳಿಗಾಲ ಪೂರ್ತಿ ಸರದಿ ಕರೆಯಲು ಬಂದು ಅವಳ ಬಾಗಿಲು ತಟ್ಟಿದ ಕೈಯಲ್ಲಿ ಅವಳದೇ ಕೆಂಪು ಹೊಲಿಗೆ ಇತ್ತು.

ಮೂವತ್ತು ವರ್ಷ ಅವನು ಇದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ.

ಸೆನೋಬಿಯಾ ಕೋಟು ಎತ್ತಿ ಹಿಡಿದಳು. ದಡದಲ್ಲಿದ್ದವರು ಮುಂದಿನ ತಮಾಷೆಗೆ ಕಾದರು.

"ಈ ಕೋಟು ಹಾಕ್ಕೊಂಡು," ಅಂದಳು. ಕೆಂಪು ಹೊಲಿಗೆ ಕಾಣುವಂತೆ ತೋಳನ್ನು ದಡದ ಕಡೆ ತಿರುಗಿಸಿದಳು. ಮತ್ತೆ ಶುರು ಮಾಡಿದಳು. "ಈ ಕೋಟು ಹಾಕ್ಕೊಂಡು ನೆಮೇಸಿಯೊ ನಮ್ಮನ್ನ ಗುಡ್ಡಕ್ಕೆ ಕಳ್ಸಿದ."

ನಗು ನಿಂತಿತು.

"ಕೊಂಬು ಊದ್ದ. ಸೆನೋಬಿಯಾ, ನಾಳೆ ನಿನ್ ಸರದಿ ಅಂದ. ಮೇಲೆ ಏನು ಮಾಡ್ತಾರೆ ಅಂತ ಅವ್ನಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಕಾಲಿಗೆ ಬಿದ್ದು ಹೇಳಿದ್ದೆ. ಆಮ್ಯಾಕೂ ಕರ್ದ. ತನ್ ಹೆಣ್ಣುಮಕ್ಕಳನ್ನ ಕೋಣೇಲಿಟ್ಟು ಬೀಗ ಹಾಕಿ, ನಮ್ಮನ್ನ ಕರ್ದ."

"ಚಿಕ್ಕವ್ವ, ಸಾಕು," ಎಂದ ವಿಲ್ಬೆರ್.

"ಸಾಕಾ? ಒಗೆಯೋಳು ಹೇಳ್ಬೇಕು ಅಂತ ಕರ್ಸಿದ್ದು ನೀನೇ ಅಲ್ವಾ? ಹೇಳ್ತಾ ಇವ್ನಿ, ಕೇಳ್ಕೊ. ಊರು ಉಳೀಬೇಕು ಅಂದ ನಿಮ್ಮಪ್ಪ. ಊರು ಅಂದ್ರೆ ಯಾರೋ? ನಿಮ್ಮವ್ವ ಊರು. ನಿನ್ ಅಕ್ಕತಂಗೀರು ಊರು. ನಿಮ್ ಹೊಲ, ನಿಮ್ ದನ ಎಲ್ಲಾ ಊರು. ನಾನು ಊರಲ್ವಾ? ಆ ಲಿಯೊನಾರ್ದಾ ಊರಲ್ವಾ? ನಾವ್ ಮಾತ್ರ ಏನು, ಕಾಲುವೆ ಹೂಳಾ?"

ಆ ಹೆಸರು ಬಾಯಿಂದ ಬಂದ ಮೇಲೆ ಅವಳಿಗೆ ತಾನು ಏನು ಮಾಡಿದೆ ಎಂದು ಹೊಳೆಯಿತು.

ಲಿಯೊನಾರ್ದಾ ದಡದಲ್ಲೇ ಕೂತಿದ್ದಳು, ಬಿಳಿಕೂದಲಿನ ತೆಳ್ಳನೆ ಹೆಂಗಸು. ಆ ಕಾಲದಲ್ಲಿ ಅವಳಿಗೆ ಅಪ್ಪ ಅಮ್ಮ ಇರಲಿಲ್ಲ, ಮದುವೆಯಾಗಿರಲಿಲ್ಲ. ಇಬ್ಬರೂ ಒಂದೇ ಗುಡ್ಡ ಹತ್ತಿದ್ದರು, ಒಂದೇ ಗೋಡೆಯ ಆಚೆ ಈಚೆ ಇದ್ದರು. ಬಿಡಾರ ಹೋದ ಮೇಲೆ ಅವಳು ಬೇರೆ ಊರಿನವನನ್ನು ಮದುವೆಯಾಗಿ, ಅವನನ್ನೇ ಇಲ್ಲಿಗೆ ಕರೆತಂದು ಬದುಕಿದಳು. ಗಂಡನಿಗೆ ಹೇಳಿರಲಿಲ್ಲ. ಗಂಡುಮಕ್ಕಳಿಗೆ ಹೇಳಿರಲಿಲ್ಲ. ಊರಿಗೆ ಗೊತ್ತಿತ್ತು, ಆದರೆ ಗಂಡ ಇದ್ದವಳು ಎಂದು ಊರು ಬಾಯಿ ಮುಚ್ಚಿಕೊಂಡಿತ್ತು. ಈಗ ಗಂಡ, ಬೆಳೆದ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು ಎಲ್ಲರೂ ಅವಳ ಕಡೆ ತಿರುಗಿದರು.

"ಏನವ್ವ ಅದು?" ಎಂದ ಹಿರಿಯ ಮಗ.

ಆಗ ವಿಲ್ಬೆರ್ ಕೊಂಬು ಬಾಯಿಗೆ ಇಟ್ಟ.

ಜೋರಾಗಿ ಊದಿದ. ಅದೇ ಕೊಂಬು. ಅದೇ ಉದ್ದನೆಯ ಒರಟು ದನಿ, ಎದುರಿನ ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಸೆನೋಬಿಯಾ ಮಾತಾಡುತ್ತಲೇ ಇದ್ದಳು. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಊದಿದ, ಉಸಿರು ಎಳೆದುಕೊಂಡ, ಮತ್ತೆ ಊದಿದ. ಗಂಡಸರು ತಮಗೇ ಅರಿವಿಲ್ಲದಂತೆ ಎದ್ದು ನಿಂತರು. ಕೊಂಬು ಕೇಳಿದರೆ ಏಳುವುದು ಅವರ ಮೈಗೆ ರೂಢಿಯಾಗಿತ್ತು. ಒಬ್ಬನೂ ಅವನ ಕೈ ಹಿಡಿಯಲಿಲ್ಲ.

ಆ ದನಿಗೆ ಸೆನೋಬಿಯಾಳ ಮೈಯೂ ಪಳಗಿತ್ತು. ಕೊಂಬು ಕೇಳಿದ ತಕ್ಷಣ ಮೈ ಗುಡ್ಡದ ಕಡೆ ತಿರುಗಲು ನೋಡಿತು. ಅವಳು ಹಲ್ಲು ಕಚ್ಚಿ ನಿಂತಳು. ಕೋಟನ್ನು ಎದುರಿನ ಕಲ್ಲಿನ ಮೇಲೆ ಬಿಸಾಕಿದಳು.

"ಒಗೆಯಲ್ಲ," ಅಂದಳು. ಕೊಂಬು ನಿಂತಿತ್ತು, ಹಾಗಾಗಿ ಎಲ್ಲರಿಗೂ ಕೇಳಿಸಿತು. "ಇದ್ನ ನಾನು ಒಗೆಯಲ್ಲ. ಹೋಗು ಅಂತ ಹೇಳೋದೂ ಇಲ್ಲ. ಇಲ್ಲೇ ಅಲೀಲಿ ಅವ್ನು."

ನೆಮೇಸಿಯೊನ ಹೆಂಡತಿ ಎದೆ ಬಡಿದುಕೊಂಡು ಅತ್ತಳು. ಯಾರೋ ಒಬ್ಬಳು ಸೆನೋಬಿಯಾಳ ಮೇಲೆ ಮಣ್ಣಿನ ಹೆಂಟೆ ಎಸೆದಳು. ಸಿಪಾಯಿಗಳ ಎಂಜಲು ಎಂದು ಕೂಗಿದಳು. ಆ ಗದ್ದಲದ ನಡುವೆ ಲಿಯೊನಾರ್ದಾ ಎದ್ದಳು. ಚಪ್ಪಲಿ ಬಿಟ್ಟಳು. ನೀರಿಗಿಳಿದು ಬಂದು ಸೆನೋಬಿಯಾಳ ಮುಂದೆ ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ.

"ಸರ್ಕೊ ಅಕ್ಕ."

"ಲಿಯೊನಾರ್ದಾ, ತಪ್ಪಾಯ್ತು ಕಣೆ. ಬಾಯಿಗೆ ಬಂದ್ಬುಡ್ತು."

"ಸರ್ಕೊ."

ಲಿಯೊನಾರ್ದಾ ಕೋಟು ಎತ್ತಿಕೊಂಡಳು. ದಡದ ಕಡೆ, ಮಕ್ಕಳ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು.

"ಅವ್ಳು ಹೇಳಿದ್ದು ಸುಳ್ಳು. ನಾನು ಗುಡ್ಡಕ್ಕೆ ಹೋಗಿದ್ದು ಸೌದೆ ಹಾಕಾಕೆ. ಹಗಲೊತ್ತೇ ಇಳ್ದು ಬಂದೆ. ದೋನ್ ನೆಮೇಸಿಯೊ ದೇವ್ರಂಥೋರು." ಕೋಟನ್ನು ಮೇಲೆತ್ತಿದಳು. "ಈ ಕೋಟು ಹಾಕ್ಕೊಂಡು ಅವ್ರು ಚಳಿಗೆ ಬೆಚ್ಚಗಿದ್ರು."

ಅದ್ದಿದಳು. ಸೋಪು ಹಚ್ಚಿದಳು. ಕಲ್ಲಿಗೆ ಕುಕ್ಕಿದಳು. ಕುಕ್ಕಿದಳು, ಕುಕ್ಕಿದಳು, ಸಾಕಾದರೂ ನಿಲ್ಲಿಸದೆ ಕುಕ್ಕಿದಳು. ಕೆಂಪು ಹೊಲಿಗೆ ಬಿಚ್ಚಿ ತೇಪೆ ಕಿತ್ತುಕೊಂಡು ನೀರಿನಲ್ಲಿ ಹೋಯಿತು. ಅವಳ ಗೆಣ್ಣುಗಳಿಂದ ರಕ್ತ ಬರುತ್ತಿತ್ತು. ಸೆನೋಬಿಯಾ ಪಕ್ಕದಲ್ಲೇ ನಿಂತು ನೋಡಿದಳು, ತಡೆಯಲು ಕೈ ಏಳಲಿಲ್ಲ.

"ಇಲ್ಲಿ ನಿನ್ನ ಕೊಳೆ ಏನೂ ಉಳಿದಿಲ್ಲ," ಎಂದಳು ಲಿಯೊನಾರ್ದಾ. "ಹೋಗು."

ದಡದಲ್ಲಿ ಎಲ್ಲರೂ ಉಸಿರು ಬಿಟ್ಟರು. ಸಾರಾಯಿ ಹಂಚಿದರು. ಸೂಪಿನ ಪಾತ್ರೆಯ ಮುಚ್ಚಳ ತೆಗೆದರು. ನೆಮೇಸಿಯೊ ಹೋದ ಎಂದರು. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸಿತಂತೆ, ಅದೇ ಗುರುತಂತೆ.

ಮೇಲೆ ಬಂದ ಲಿಯೊನಾರ್ದಾಳಿಗೆ ಹಿರಿಯ ಮಗ ತನ್ನ ಕಂಬಳಿ ಹೊದಿಸಿದ. ಗಂಡ ದೂರ ನಿಂತಿದ್ದ. ಅವನು ಅವಳ ಕಡೆ ನೋಡುತ್ತಿರಲಿಲ್ಲ. ನಂಬಿದ್ದನೋ ಇಲ್ಲವೋ ಯಾರಿಗೆ ಗೊತ್ತು.

ಮುಂದಿನ ಸಭೆಯಲ್ಲಿ ರಸ್ತೆ ಪಕ್ಕದ ಜಾಗ ಸಿಸಾರಿಯೊನ ಮೊಮ್ಮಗನಿಗೆ ಹೋಯಿತು. ಎರ್ಮೆಲಿಂದಾ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು ಬಂದಳು. ಬಂದವಳೇ ಮೇಕೆಗಳಿಗೆ ಹುಲ್ಲು ಹಾಕಿದಳು. ಬೈದಿದ್ದರೆ ಸೆನೋಬಿಯಾಳಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ತಿಂಗಳಲ್ಲೇ ಅಯಾಕುಚೊ ಪಟ್ಟಣದಿಂದ ಕೇಸು ನಡೆಸುವ ಲಾಯರಮ್ಮ ಫೋನು ಮಾಡಿದಳು. ಒಳ್ಳೆಯ ಹುಡುಗಿ. ಪ್ರತಿ ಸಲ ಕೆಟ್ಟ ಸುದ್ದಿ ಹೇಳುವಾಗಲೂ ಮೊದಲು ಊಟ ಆಯಿತಾ ಎಂದು ಕೇಳುತ್ತಾಳೆ.

"ಊಟ ಆಯ್ತಾ ಅವ್ವ?"

"ಹೇಳವ್ವ, ಪರವಾಗಿಲ್ಲ."

"ಸಾಕ್ಷಿ ಇಲ್ಲ ಅಂತ ಆ ಇಬ್ಬರು ಸಿಪಾಯಿಗಳನ್ನೂ ಬಿಟ್ಟರು. ಕ್ಯಾಪ್ಟನ್ ಸತ್ತು ಯಾವ ಕಾಲವೋ ಆಯ್ತಂತೆ, ಅವರ ಕಡೆಯ ವಕೀಲ ಅದನ್ನ ಇವತ್ತು ಹೇಳ್ತಾನೆ. ಮೇಲಿನ ಕೋರ್ಟಿಗೆ ಹೋಗ್ತೀನಿ ಅವ್ವ. ನಿಮ್ಮೂರಲ್ಲಿ ಇನ್ನೊಬ್ಬರು, ಒಬ್ಬರೇ ಒಬ್ಬರು ಮಾತಾಡಿದ್ರೂ ಸಾಕು. ಯಾರಾದ್ರೂ ಇದಾರಾ?"

ಸೆನೋಬಿಯಾ ಬಾಗಿಲಿಂದ ಹೊರಗೆ ನೋಡಿದಳು. ಎದುರಿನ ಇಳಿಜಾರಿನಲ್ಲಿ ಲಿಯೊನಾರ್ದಾಳ ಮನೆಯ ಹೊಗೆ ಏಳುತ್ತಿತ್ತು. ಹೊಳೆಯ ದಿನದಿಂದ ಲಿಯೊನಾರ್ದಾ ಹೊರಗೆ ಬಂದಿರಲಿಲ್ಲ. ಗಂಡ ಅವಳ ಜೊತೆ ಉಣ್ಣುತ್ತಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

"ಇಲ್ಲವ್ವ," ಅಂದಳು. "ಯಾರೂ ಇಲ್ಲ."

ಮಾರನೆಯ ಬೆಳಿಗ್ಗೆ ಕೊಂಬು ಊದಿತು. ಸಭಾಮನೆಗೆ ಕಲ್ಲು ಹೊರುವ ಕೆಲಸ. ವಿಲ್ಬೆರ್ ಕೆಳಗಿನ ದಾರಿಯಲ್ಲೇ ನಿಂತು ಕೂಗಿದ.

"ಸೆನೋಬಿಯಾ! ಇವತ್ತು ನಿಮ್ ಮನೆ ಸರದಿ!"

ಈಗ ಅವಳು ಚಿಕ್ಕವ್ವ ಆಗಿರಲಿಲ್ಲ.

ಸೆನೋಬಿಯಾ ಒಲೆಯ ಮುಂದಿಂದ ಏಳಲಿಲ್ಲ. ನೆಮೇಸಿಯೊನ ಹೆಸರಿನ ಮನೆಗೆ ಅವಳು ಒಂದು ಬೆಣಚುಕಲ್ಲೂ ಹೊರುವುದಿಲ್ಲ. ನೀರು ಬಂದ್ ಮಾಡಲಿ, ಹೊಳೆಯಿಂದ ಹೊತ್ತು ತರುತ್ತಾಳೆ. ಅವಳು ಹಾಗೆ ಹೇಳಿಯೂ ಹೇಳಿದಳು. ಎರ್ಮೆಲಿಂದಾ ಕೇಳಿಸಿಕೊಂಡಳು. ಮೂಲೆಯಲ್ಲಿದ್ದ ಹಗ್ಗ, ಬೆನ್ನಿಗೆ ಕಟ್ಟುವ ಕಂಬಳಿ ತೆಗೆದುಕೊಂಡಳು.

"ಎಲ್ಲಿಗೆ?"

"ಗಡ್ಡೆ ಹೊಲಕ್ಕೆ ನೀರು ಬೇಕಲ್ಲವ್ವ."

"ಹೋಗ್ಬ್ಯಾಡ."

"ನೀನು ಹೋಗ್ಬ್ಯಾಡ," ಅಂದಳು ಮಗಳು. "ನಾನು ಹೋಯ್ತೀನಿ."

ಅಂಗಳದಿಂದ ಸೆನೋಬಿಯಾಳಿಗೆ ಎಲ್ಲವೂ ಕಾಣುತ್ತಿತ್ತು. ಹಳೆಯ ಬಿಡಾರದ ಗೋಡೆಗಳನ್ನೇ ಕೆಡವಿ ಕಲ್ಲು ತರುತ್ತಿದ್ದರು. ಅಲ್ಲಿ ಕಲ್ಲು ಪುಕ್ಕಟೆ ಬಿದ್ದಿತ್ತು. ಅವಳ ಮಗಳು ಬೆನ್ನು ಬಾಗಿಸಿ, ಹಣೆಗೆ ಹಗ್ಗ ಕೊಟ್ಟು, ಆ ಗುಡ್ಡ ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು.

ಮಧ್ಯಾಹ್ನ ಇಳಿದ ಮೇಲೆ ಬಂದಳು. ಅಂಗೈ ಸುಲಿದಿತ್ತು, ಲಂಗದ ತುಂಬ ಆ ಗೋಡೆಗಳ ಸುಣ್ಣದ ಧೂಳು. ಸೆನೋಬಿಯಾ ಬಿಸಿನೀರು ತಂದು ಮಗಳ ಕೈ ತೊಳೆದಳು. ಸುಲಿದ ಕಡೆ ಕೊಬ್ಬು ಹಚ್ಚಿದಳು.

"ಎರ್ಮೆಲಿಂದಾ, ಒಂದು ಮಾತು ನಡ್ಸಿಕೊಡು."

"ಏನವ್ವ?"

"ನಾನು ಸತ್ತ ಮ್ಯಾಲೆ ನನ್ ಬಟ್ಟೆ ಒಗೀಬ್ಯಾಡಿ. ಯಾರ ಕೈಗೂ ಕೊಡಬ್ಯಾಡ. ನನ್ ಕೊಳೆ ನಂಗಿರ್ಲಿ. ಅವ್ನು ಅಷ್ಟು ಸುಲಭಕ್ಕೆ ಹೋದ. ನಾನು ಹೋಗಲ್ಲ. ಇಲ್ಲೇ ಇರ್ತೀನಿ. ಅವ್ರು ಬಾಗ್ಲಲ್ಲಿ ಬೂದಿ ಹರಡ್ಕೊಂಡು ಕಾಯ್ಲಿ. ದಿನಾ ಬೆಳಗಾಗೆದ್ದು ನನ್ ಹೆಜ್ಜೆ ನೋಡ್ಲಿ."

ಮಗಳು ಹೂಂ ಎಂದು ತಲೆಯಾಡಿಸಿದಳು.

ಸೆನೋಬಿಯಾ ಎದ್ದು ಸೋಪು ಹುಡುಕಿದಳು. "ಲಂಗ ಬಿಚ್ಕೊಡು. ಬಿಸಿಲು ಇರುವಾಗ್ಲೇ ಒಗ್ದು ಹಾಕ್ತೀನಿ. ಆ ಗೋಡೆ ಧೂಳು ನಿನ್ ಮೈ ಮೇಲೆ ಬ್ಯಾಡ."

ಎರ್ಮೆಲಿಂದಾ ಏಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

"ಬುಡವ್ವ," ಅಂದಳು. "ನಾಳೆನೂ ನಮ್ದೇ ಸರದಿ ಅಂದವ್ರೆ."